ಕೀಬೋರ್ಡ್ ಧ್ವನಿಮುದ್ರಣಕ್ಕೆ ಯುಎಸ್‌ಬಿ ಕೇಬಲ್ ಒಂದೇ ಸಾಲದು

ಮಾನ್ಯ ಸಂಪಾದಕರೇ,

ಮನೆಯ ಕಂಪ್ಯೂಟರ್‌ನಲ್ಲೇ ಸಂಗೀತ ಮುದ್ರಿಸಿಕೊಳ್ಳುವ ಬಗ್ಗೆ ನಿಮ್ಮ ಪುರವಣಿಯಲ್ಲಿ ಬಂದ ಲೇಖನ ಓದಿ ಸಂತೋಷವಾಯಿತು. ಆದರೆ ಕೀಬೋರ್ಡನ್ನು ಯುಎಸ್‌ಬಿ ಕೇಬಲ್‌ನಿಂದ ಜೋಡಿಸಿದರೆ ನುಡಿಸಿದ್ದೆಲ್ಲ ಮುದ್ರಣವಾಗುತ್ತದೆ ಎಂಬ ಅದರ ಮಾತನ್ನು ತಿದ್ದಲೇಬೇಕು. ನಾನು ಕೀಬೋರ್ಡ್ ಪಾಠ ಹೇಳುವವಳು. ಕೇಬಲ್ ಹಾಕಿದೆವು, ರೆಕಾರ್ಡ್ ಒತ್ತಿದೆವು, ಮಗು ಚೆನ್ನಾಗಿಯೇ ನುಡಿಸಿತು, ಆಮೇಲೆ ಹಾಕಿ ಕೇಳಿದರೆ ಸದ್ದೇ ಇಲ್ಲ ಎಂದು ಪೋಷಕರು ಬರುತ್ತಲೇ ಇರುತ್ತಾರೆ. ವಾದ್ಯವೇ ಕೆಟ್ಟಿದೆಯೆಂದು ರಿಪೇರಿಗೆ ಹೊರಟವರೂ ಇದ್ದಾರೆ.

ವಾದ್ಯ ಕೆಟ್ಟಿರುವುದಿಲ್ಲ. ಬಹಳಷ್ಟು ಕೀಬೋರ್ಡ್‌ಗಳ ಯುಎಸ್‌ಬಿಯಿಂದ ಹೊರಡುವುದು ಧ್ವನಿಯಲ್ಲ, ಮಿಡಿ ಸಂದೇಶ. ಯಾವ ಕೀ ಒತ್ತಿದರು, ಎಷ್ಟು ರಭಸದಿಂದ ಒತ್ತಿದರು, ಯಾವಾಗ ಬೆರಳು ತೆಗೆದರು ಎಂಬಂಥ ವಿವರಗಳಷ್ಟೇ ಅದರಲ್ಲಿರುತ್ತವೆ. ರಭಸಕ್ಕೆ 127ರವರೆಗೆ ಅಂಕಿ. ಬೇರೆ ಬೇರೆ ಕಂಪನಿಗಳ ವಾದ್ಯಗಳು ಒಂದಕ್ಕೊಂದು ಹೊಂದಿಕೊಳ್ಳಲೆಂದು 1983ರಲ್ಲಿ ಬಂದ ಈ ಪದ್ಧತಿ ಇಂದಿಗೂ ಬಳಕೆಯಲ್ಲಿದೆ. ಮಿಡಿ ಎಂದರೆ ಸ್ವರಲಿಪಿ ಬರೆದ ಹಾಳೆಯಿದ್ದಂತೆ. ಹಾಳೆ ತಾನಾಗಿ ಹಾಡುವುದಿಲ್ಲ. ಅದನ್ನು ಓದಿ ನುಡಿಸಲು ಕಂಪ್ಯೂಟರ್‌ನಲ್ಲಿ ವಾದ್ಯದ ಸಾಫ್ಟ್‌ವೇರ್ ಬೇಕು. ಉಚಿತವೆಂದು ಹೆಚ್ಚಿನವರು ಬಳಸುವ ಅಡಾಸಿಟಿ ಎಂಬ ಧ್ವನಿಮುದ್ರಣ ಸಾಫ್ಟ್‌ವೇರ್ ಅಂತೂ ಮಿಡಿಯನ್ನು ಮುದ್ರಿಸುವುದೇ ಇಲ್ಲ. ಧ್ವನಿಯನ್ನೂ ಯುಎಸ್‌ಬಿಯಲ್ಲೇ ಕಳಿಸುವ ಕೀಬೋರ್ಡ್‌ಗಳು ಈಗ ಬಂದಿವೆ. ಕೈಪಿಡಿಯಲ್ಲಿ 'ಯುಎಸ್‌ಬಿ ಆಡಿಯೊ' ಎಂದಿದೆಯೇ ನೋಡಿಕೊಳ್ಳಬೇಕು.

ವಾದ್ಯದ ಸ್ವಂತ ನಾದವೇ ಬೇಕೆಂದರೆ ಅದರ ಲೈನ್ ಔಟ್ ಅಥವಾ ಹೆಡ್‌ಫೋನ್ ಔಟ್‌ನಿಂದ ಕಂಪ್ಯೂಟರ್‌ನ ಲೈನ್ ಇನ್‌ಗೆ, ಅಂದರೆ ಧ್ವನಿ ಒಳಹೋಗುವ ಕಿಂಡಿಗೆ, ಕೇಬಲ್ ಎಳೆಯಬೇಕು. ಮೇಜಿನ ಕಂಪ್ಯೂಟರ್‌ಗಳಲ್ಲಿ ಸಾಮಾನ್ಯವಾಗಿ ಇದು ನೀಲಿ ಬಣ್ಣದ್ದು. ಪಕ್ಕದ ಗುಲಾಬಿ ಬಣ್ಣದ್ದು ಮೈಕಿಗೆ. ಅದಕ್ಕೆ ಚುಚ್ಚಿದರೆ ಸದ್ದು ಒಡೆದು ಕರಕರ ಎನ್ನುತ್ತದೆ. ಲ್ಯಾಪ್‌ಟಾಪ್‌ಗಳಲ್ಲಿ ಲೈನ್ ಇನ್ ಇರುವುದೇ ಅಪರೂಪ, ಹಾಗಾಗಿ ವಾದ್ಯದ ಧ್ವನಿಯನ್ನು ಯುಎಸ್‌ಬಿ ಮೂಲಕ ಕಂಪ್ಯೂಟರ್‌ಗೆ ಒಯ್ಯುವ ಚಿಕ್ಕದೊಂದು ಆಡಿಯೊ ಇಂಟರ್‌ಫೇಸ್ ಬೇಕಾಗುತ್ತದೆ. ಅತಿ ಜೋರಾಗಿ ನುಡಿಸಿದಾಗಲೂ ಸಾಫ್ಟ್‌ವೇರ್ ತೋರಿಸುವ ಧ್ವನಿಮಟ್ಟ ಮೈನಸ್ 6 ಡೆಸಿಬೆಲ್ ದಾಟದಂತೆ ಮೊದಲೇ ಇಳಿಸಿಟ್ಟುಕೊಳ್ಳಿ. ಒಡೆದು ಮುದ್ರಣವಾದ ಸದ್ದನ್ನು ಆಮೇಲೆ ಪೂರ್ತಿ ಸರಿಪಡಿಸಲಾಗದು.

ಮಿಡಿ ದಾರಿ ಹಿಡಿದವರನ್ನು ಕಾಡುವುದು ತಡ. ಕೀ ಒತ್ತಿ ಸ್ವಲ್ಪ ಹೊತ್ತಾದ ಮೇಲೆ ಸದ್ದು ಬಂದರೆ ಮಗುವಿನ ಲಯ ಕೆಡುತ್ತದೆ, ತನಗೇ ನುಡಿಸಲು ಬರುವುದಿಲ್ಲವೆಂದು ಅದು ಕೈಬಿಡುತ್ತದೆ. ಸಾಫ್ಟ್‌ವೇರ್‌ನ ಬಫರ್, ಅಂದರೆ ಹೊರಗೆ ಕಳಿಸುವ ಮೊದಲು ಅದು ಕೂಡಿಟ್ಟುಕೊಳ್ಳುವ ಧ್ವನಿಯ ತುಣುಕಿನ ಗಾತ್ರ, ಇಳಿಸಿ ನೋಡಿ: ಸೆಕೆಂಡಿಗೆ 44,100 ಮಾದರಿಗಳ (ಧ್ವನಿಯ ಅಳತೆಗಳ) ಮುದ್ರಣದಲ್ಲಿ ಅದು 1024 ಮಾದರಿಗಳಷ್ಟಿದ್ದರೆ ಬಫರ್‌ನಿಂದಲೇ ಸುಮಾರು 23 ಮಿಲಿಸೆಕೆಂಡ್ ತಡ, 128ಕ್ಕೆ ಇಳಿಸಿದರೆ 3ರ ಆಸುಪಾಸು. ಒಂದೇ ಸ್ವರ ಎರಡೆರಡು ಸಲ ಕೇಳಿಸಿದರೆ ಕೀಬೋರ್ಡ್‌ನ 'ಲೋಕಲ್ ಕಂಟ್ರೋಲ್' (ಕೀ ಒತ್ತಿದಾಗ ವಾದ್ಯವೇ ಸದ್ದು ಮಾಡುವ ವ್ಯವಸ್ಥೆ) ಆಫ್ ಮಾಡಬೇಕು.

ಕ್ವಾಂಟೈಸ್ ಬಗ್ಗೆಯೂ ಒಂದು ಮಾತು. ಸ್ವರಗಳನ್ನೆಲ್ಲ ತಾಳದ ಗೆರೆಗೆ ಎಳೆದು ಕೂರಿಸುವ ಈ ಸೌಲಭ್ಯವನ್ನು ಲೇಖನ ಹೊಗಳಿದೆ. ಕಲಿಯುವವರ ಮಟ್ಟಿಗೆ ನಾನಿದನ್ನು ಒಪ್ಪಲಾರೆ. ಎಡಗೈ ಎಲ್ಲಿ ಹಿಂದೆ ಬೀಳುತ್ತಿದೆ, ಕಷ್ಟದ ಜಾಗ ಬಂದಾಗ ಓಟ ಎಲ್ಲಿ ಹೆಚ್ಚುತ್ತಿದೆ ಎಂದು ಮಗು ತಾನೇ ಕೇಳಿ ತಿಳಿಯುವುದಕ್ಕೆ ಮುದ್ರಣದಷ್ಟು ಒಳ್ಳೆಯ ಸಾಧನ ನನಗೆ ಬೇರೆ ಗೊತ್ತಿಲ್ಲ. ಒಂದು ಗುಂಡಿ ಒತ್ತಿ ಅದನ್ನೆಲ್ಲ ಅಳಿಸಿಬಿಟ್ಟರೆ ಉಳಿಯುವುದು ಮಗು ನುಡಿಸದೇ ಇದ್ದ ಸಂಗೀತ. ತಪ್ಪು ಸ್ವರ ತಿದ್ದುವ ಮೊದಲು ಮೂಲ ಪ್ರತಿಯನ್ನು ಬೇರೆ ಹೆಸರಿನಲ್ಲಿ ಉಳಿಸಿಕೊಳ್ಳಿ ಎಂದು ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತೇನೆ.

ಯುಎಸ್‌ಬಿ ಕುರಿತ ತಿದ್ದುಪಡಿಯನ್ನು ಮುಂದಿನ ಪುರವಣಿಯಲ್ಲಿ ದಯವಿಟ್ಟು ಪ್ರಕಟಿಸಿ. ಲೈನ್ ಇನ್ ಮತ್ತು ಮೈಕ್ ಜಾಗಗಳನ್ನು ಗುರುತಿಸುವ ಚಿತ್ರವೊಂದನ್ನು ಜೊತೆಗೆ ಕೊಟ್ಟರೆ ಇನ್ನೂ ಒಳ್ಳೆಯದು.

ಇಂತಿ,
ಒಬ್ಬ ಕೀಬೋರ್ಡ್ ಶಿಕ್ಷಕಿ