ಓದುವ ಹುಡುಗಿ ಮುಗಿದಳು, ನಿಮಗೆಲ್ಲ ವಂದನೆ

ನಿನ್ನೆ ಸಂಜೆ ನನ್ನ ಮೊದಲ ತೈಲಚಿತ್ರ ಮುಗಿಯಿತು. ಹನ್ನೊಂದು ತಿಂಗಳು ಹಿಡಿಯಿತು. ಕುಂಚ ತೊಳೆದಿಟ್ಟ ಮೇಲೆ ಕೆಲವರಿಗೆ ಥ್ಯಾಂಕ್ಸ್ ಹೇಳದೆ ಇರಲಾಗಲಿಲ್ಲ.

ನಾನು ನಕಲು ಮಾಡಿದ್ದು ಫ್ರಾನ್ಸಿನ ಚಿತ್ರಕಾರ ಫ್ರಾಗೊನಾರ್ 1769ರ ಸುಮಾರಿಗೆ ಬರೆದ 'ಓದುತ್ತಿರುವ ಹುಡುಗಿ'. ನಿಂಬೆ ಹಳದಿ ಬಟ್ಟೆ, ಬೆನ್ನಿಗೆ ದಿಂಬು, ಕೈಯಲ್ಲಿ ಪುಟ್ಟ ಪುಸ್ತಕ. ಮೂಲ ಚಿತ್ರ ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿ ಆಫ್ ಆರ್ಟ್‌ನಲ್ಲಿದೆ. ಕುಂಚದ ಗೆರೆಗಳೂ ಕಾಣುವಂಥ ದೊಡ್ಡ ಫೋಟೊವನ್ನು ಅವರು ಎಲ್ಲರಿಗೂ ಉಚಿತವಾಗಿ ಕೊಟ್ಟಿದ್ದಾರೆ. ಅಲ್ಲಿಗೆ ಹೋಗಲಾಗದ ನನ್ನಂಥವರಿಗೆ ಅದು ಎಷ್ಟು ದೊಡ್ಡ ಉಪಕಾರ ಅಲ್ವಾ?

ನನ್ನ ಮೇಷ್ಟ್ರಿಗೆ ಎಷ್ಟು ಹೇಳಿದರೂ ಕಡಿಮೆ. ಮುಖವನ್ನು ನಾಲ್ಕು ಸಲ ಒರೆಸಿ ಹಾಕಿದ್ದೆ. ಬಿಳಿ ಜಾಸ್ತಿಯಾಗಿ ಕೆನ್ನೆ ಸುಣ್ಣ ಬಳಿದ ಗೋಡೆಯಂತಾಗುತ್ತಿತ್ತು. ಬಿಟ್ಟುಬಿಡುತ್ತೇನೆ ಅಂದಾಗ ಅವರು ಹೇಳಿದರು: "ಈ ಹುಡುಗಿಯ ಮುಖದ ಕೆಳಗೆ ಇನ್ನೊಂದು ಮುಖ ಇದೆಯಮ್ಮ, ನಮ್ಮ ಕಡೆ ತಿರುಗಿದ್ದು. ಎಕ್ಸ್‌ರೇಯಲ್ಲಿ ಕಂಡಿದೆ. ಫ್ರಾಗೊನಾರನೇ ಬದಲಿಸಿ ಬರೆದಿದ್ದಾನೆ. ನಿಮಗ್ಯಾಕೆ ಅವಸರ?" ಮಾರನೆಯ ದಿನ ಬಿಳಿ ಕಡಿಮೆ ಮಾಡಿ, ಓಕರ್ ಎಂಬ ಮಣ್ಣಿನ ಹಳದಿ ಬಣ್ಣ ಸೇರಿಸಿ ಮತ್ತೆ ಶುರು ಮಾಡಿದೆ.

ಕತ್ತಿನ ಸುತ್ತಲಿನ ಫ್ರಿಲ್ ಇನ್ನೂ ಕಷ್ಟ. ಎರಡು ವಾರ ಸಣ್ಣ ಕುಂಚದಲ್ಲಿ ಒಂದೊಂದೇ ನೆರಿಗೆ ಎಳೆದೆ, ಬಟ್ಟೆ ಅನ್ನಿಸಲೇ ಇಲ್ಲ. ಮೇಷ್ಟ್ರು ದಪ್ಪಗೆ ಬಿಳಿ ಹಚ್ಚಿಸಿ, ಕುಂಚವನ್ನು ತಲೆಕೆಳಗು ಮಾಡಿ ಕೈಗೆ ಕೊಟ್ಟರು. "ಹಸಿ ಇರುವಾಗಲೇ ಗೀರಿ. ಅವನೂ ಹಿಡಿಯ ತುದಿಯಿಂದಲೇ ಗೀರಿದ್ದು." ಗೀರಿದೆ. ಬಿಳಿ ಸರಿದು ಅಡಿಯ ಕಂದು ಇಣುಕಿತು. ಏಳೆಂಟು ಗೀರಿಗೆ ನೆರಿಗೆಗಳು ಎದ್ದು ನಿಂತವು. ಆ ಕ್ಷಣವನ್ನು ನಾನು ಮರೆಯುವುದಿಲ್ಲ.

ಇನ್ನು ನಮ್ಮ ಅತ್ತೆ. ಟರ್ಪಂಟೈನ್ ವಾಸನೆಗೆ ಒಂದು ದಿನವೂ ಮುಖ ಸಿಂಡರಿಸಲಿಲ್ಲ. ಎಣ್ಣೆ ಬಣ್ಣ ಬೇಗ ಒಣಗುವುದಿಲ್ಲ, ಧೂಳು ಕೂರುತ್ತದೆ ಎಂದು ಹಳೆಯ ಸೊಳ್ಳೆಪರದೆ ಕತ್ತರಿಸಿ ಕ್ಯಾನ್ವಾಸಿಗೆ ತಾಗದಂತೆ ಇಳಿಬಿಟ್ಟರು. ಪುಸ್ತಕ ಹಿಡಿದ ಬೆರಳುಗಳು ನನಗೆ ಬರುತ್ತಿರಲಿಲ್ಲ. ಆಗ ಪಂಚಾಂಗ ಹಿಡಿದು ಕಿಟಕಿ ಪಕ್ಕ ಅರ್ಧ ಗಂಟೆ ಅಲುಗಾಡದೆ ಕೂತರು. ಕೈ ನೋಯುತ್ತಾ ಅಂದರೆ, "ಸುಮ್ನೆ ಬರಿ" ಅಂದರು.

ವಾರ್ನಿಶ್ ಹಚ್ಚಲು ಇನ್ನೂ ಆರು ತಿಂಗಳಾದರೂ ಕಾಯಬೇಕು. ಅಲ್ಲಿಯವರೆಗೆ ಚಿತ್ರ ನಡುಮನೆಯಲ್ಲಿರುತ್ತದೆ, ಈ ಕಡೆ ಬಂದಾಗ ನೋಡಲು ಬನ್ನಿ. ಮುಂದಿನದು ಅತ್ತೆಯ ಚಿತ್ರ. ಪಂಚಾಂಗ ಈಗಲೇ ತೆಗೆದಿಟ್ಟಿದ್ದಾರೆ.