ಗುರುವಾರದ ಕಾಕಿಗೆ, ನಮ್ಮ ಸಭೆಯವರಿಗೆ

ಕರ್ತನ ನಾಮದಲ್ಲಿ ಎಲ್ಲರಿಗೂ ವಂದನೆಗಳು.

ಹೋದ ರವಿವಾರ ನಮ್ಮ ಯಜಮಾನರು ಕೋಲೂರಿಕೊಂಡು ತಾವೇ ನಡೆದು ಆರಾಧನೆಗೆ ಬಂದರು. ಸಾಕ್ಷಿ ಹೇಳಲು ನಿಂತಾಗ ನನಗೆ ಗಂಟಲು ಕಟ್ಟಿತು. ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅವರಿಗೆ ಲಕ್ವಾ ಹೊಡೆದಾಗ ಬೀದರಿನ ನಮ್ಮ ಓಣಿಯೆಲ್ಲ ಓಡಿ ಬಂತು. ಆಸ್ಪತ್ರೆಯಲ್ಲಿ ರಾತ್ರಿ ಕೂತ ಸಭೆಯ ಹುಡುಗರಿಗೆ, ರೊಟ್ಟಿ ಕಟ್ಟಿ ಕಳಿಸಿದ ಮನೆಗಳಿಗೆ, ತಾಳ್ಮೆಯಿಂದ ಕೈಕಾಲು ಆಡಿಸಿ ಕಲಿಸಿದ ಫಿಸಿಯೋಥೆರಪಿಯ ತಮ್ಮನಿಗೆ ನಾವು ಋಣಿಗಳು. ಬಂದವರೆಲ್ಲ ಹೋದ ಮೇಲಿನ ಉದ್ದನೆಯ ದಿನಗಳಲ್ಲಿ ನನ್ನ ವಿಶ್ವಾಸ ಕಾದವರು ಮಹಿಳಾ ಸಮಾಜದ ಕಾಕಿ.

ಸಭೆಗೆಂದು ಮನೆಯಲ್ಲಿ ತೆಗೆದಿಡುವ ಹಿಡಿ ಅಕ್ಕಿ ಒಯ್ಯಲು ಗುರುವಾರ ಬರುತ್ತಿದ್ದರು. ಡಬ್ಬಿಯ ಅಕ್ಕಿ ಚೀಲಕ್ಕೆ ಸುರುವಿಕೊಂಡು ಒಲೆಯ ಹತ್ತಿರವೇ ಕೂಡ್ರುವರು, ನನ್ನ ಸತ್ಯವೇದದ (ಬೈಬಲ್) ಓದಿನ ವಿಚಾರ ಕೇಳುವರು. “ಓದು ಎಲ್ಲೀತನ ಬಂತವ್ವಾ?” ನಾನು ಸುಮ್ಮನಿದ್ದರೆ, “ಓದ್ಲಾಕ ಆಗಲ್ದಂದ್ರ ಬಿಡು. ನಾ ಓದ್ತೀನಿ, ನೀ ರೊಟ್ಟಿ ಬಡಿ” ಎಂದು ಕನ್ನಡಕ ಏರಿಸುವರು.

ನಮ್ಮ ಮೆಥಡಿಸ್ಟ್ ಸಭೆಯ ಬೇರಿನಲ್ಲೂ ಇದೇ ಇದೆ. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಪ್ರಾರ್ಥನಾ ಮಂದಿರದ ಸಾಲ ತೀರಿಸಲು ಸುಮಾರು 12 ಮಂದಿಗೊಬ್ಬರು ನಿಂತು, ತಲೆಗೆ ವಾರಕ್ಕೊಂದು ಪೆನ್ನಿಯಂತೆ ಎತ್ತತೊಡಗಿದರು. ಹಾಗೆ ಮನೆಮನೆಗೆ ಹೋದವರಿಗೆ ಒಳಗಿನ ಕಷ್ಟವೂ ತಿಳಿಯಿತು. ಮೆಥಡಿಸ್ಟ್ ಚಳವಳಿ ಕಟ್ಟಿದ ಜಾನ್ ವೆಸ್ಲಿ ಆ ಏರ್ಪಾಟನ್ನೇ ಒಬ್ಬರ ಆತ್ಮದ ಕ್ಷೇಮ ಇನ್ನೊಬ್ಬರು ವಿಚಾರಿಸುವ ಕ್ಲಾಸ್ ಕೂಟವಾಗಿ ಬೆಳೆಸಿದರು. ಕಾಕಿ ನಮ್ಮ ಅಡುಗೆಮನೆಯಲ್ಲಿ ಮಾಡಿದ್ದೂ ಅದನ್ನೇ.

ನವೆಂಬರಿನಲ್ಲಿ ತೆಲಂಗಾಣದ ಧಾರೂರಿನಲ್ಲಿ ನಡೆಯುವ ಮೆಥಡಿಸ್ಟ್ ಕ್ರೈಸ್ತರ ಜಾತ್ರೆಗೆ ನಾವು ಹೋಗುತ್ತೇವೆ, ತುಂಬಿಕೊಂಡು ಬರುತ್ತೇವೆ. ಆ ಉತ್ಸಾಹವೂ ಬೇಕು. ಆದರೆ ಹೊತ್ತುಹೊತ್ತಿಗೆ ಮಗ್ಗುಲು ಬದಲಿಸಿ ಗುಳಿಗೆ ಕೊಡುವ ದಿನಗಳಲ್ಲಿ ನನ್ನ ಕೈಹಿಡಿದದ್ದು ದಿನಕ್ಕೆ ಮೂರು ಅಧ್ಯಾಯ, ರವಿವಾರ ಐದು ಎಂಬ ಲೆಕ್ಕ. ಸತ್ಯವೇದದ 1,189 ಅಧ್ಯಾಯ ಹೀಗೆ ಓದಿದರೆ ವರ್ಷದೊಳಗೆ ಮುಗಿಯುತ್ತವೆ.

ಆಯ್ದು ಓದುವುದಾಗಿದ್ದರೆ ನಾನು 23, 91, 121ನೇ ಕೀರ್ತನೆಗಳಲ್ಲೇ ಸುತ್ತುತ್ತಿದ್ದೆ. ಸಾಲಾಗಿ ಓದಿದ್ದರಿಂದ 88 ಬಂತು. ಮೊರೆಯ ಕೀರ್ತನೆಗಳು ಬಹುತೇಕ ಕೊನೆಗೆ ಸ್ತುತಿಗೆ ತಿರುಗುತ್ತವೆ. ಇದು ಕತ್ತಲೆಯಲ್ಲೇ ಮುಗಿಯುತ್ತದೆ. ಕಾಕಿ ಓದಿ, ಸಮಾಧಾನದ ಒಂದು ಮಾತೂ ಸೇರಿಸದೆ ಪುಸ್ತಕ ಮುಚ್ಚಿದರು. ಇಂಥ ಮೊರೆಗೂ ದೇವರು ತನ್ನ ವಾಕ್ಯದಲ್ಲಿ ಜಾಗ ಕೊಟ್ಟಿದ್ದಾನೆಂದರೆ ನನ್ನ ಅಳುವೂ ಪ್ರಾರ್ಥನೆಯೇ ಎಂಬ ಧೈರ್ಯ ಬಂತು. ಆಮೇಲೆ ಆತನ ಮುಂದೆ ಇದ್ದದ್ದು ಇದ್ದ ಹಾಗೆ ಹೇಳಿಕೊಳ್ಳಲು ಕಲಿತೆ.

136ನೇ ಕೀರ್ತನೆಯ 26 ವಚನಗಳಿಗೂ ಒಂದೇ ಪಲ್ಲವಿ, ಆತನ ಕೃಪೆ ಶಾಶ್ವತವೆಂದು. ತೊದಲುವ ನಾಲಿಗೆಯಲ್ಲಿ ಯಜಮಾನರು ಪಲ್ಲವಿ ಹಿಡಿದರು. ಮೊದಮೊದಲು ಬರೀ ಧ್ವನಿ, ತುಟಿಯ ಒಂದು ಕಡೆಯಿಂದ ಜೊಲ್ಲು. ಕೊನೆಕೊನೆಗೆ “ಕೃಪೆ” ಎಂಬುದು ನನಗೂ ಕಾಕಿಗೂ ಸ್ಪಷ್ಟವಾಗಿ ಕೇಳಿಸಿತು. ಕಾಕಿ ಓದು ನಿಲ್ಲಿಸಲಿಲ್ಲ, ಸೆರಗಿನಿಂದ ಕಣ್ಣೊರೆಸಿಕೊಂಡು ಮುಂದಿನ ವಚನಕ್ಕೆ ಹೋದರು.

ಕಾಕಿ, ನಿಮಗೆ ಹೇಗೆ ಕೃತಜ್ಞತೆ ಹೇಳಲಿ! ಮನೆಗೇ ಬಂದು ಪ್ರಭು ಭೋಜನ ಕೊಟ್ಟ ಪಾಸ್ಟರ್ ಅವರಿಗೂ ಹೃದಯಪೂರ್ವಕ ವಂದನೆ.

ನಾವಿಬ್ಬರೂ ಆದಿಕಾಂಡದಿಂದ ಮತ್ತೆ ಓದು ಶುರು ಮಾಡಿದ್ದೇವೆ. ಇನ್ನು ಗುರುವಾರ ಕಾಕಿಯ ಜೊತೆ ನಾನೂ ಬರುತ್ತೇನೆ. ಮನೆಯಲ್ಲಿ ರೋಗಿಯನ್ನು ಬಿಟ್ಟು ಸಭೆಗೆ ಬರಲಾಗದವರು ಪಾಸ್ಟರಮ್ಮನವರಿಗೆ ತಿಳಿಸಿ, ನಿಮಗೆ ಅನುಕೂಲವಾದ ಹೊತ್ತು ಹೇಳಿ.