ಹಿರಿಯರಿಗೆ ಜಾಥಾ ಸಾಕೇ?

ಮಾನ್ಯ ಸಂಪಾದಕರೇ,

ಭಾನುವಾರದ ಸೈಕಲ್ ಸ್ಪರ್ಧೆಯ ಕುರಿತ ವರದಿಯಲ್ಲಿ ‘ಹಿರಿಯರೂ ಉತ್ಸಾಹದಿಂದ ಪಾಲ್ಗೊಂಡರು’ ಎಂದು ಅಚ್ಚಾಗಿದೆ. ಆ ಹಿರಿಯರಲ್ಲಿ ನಾನೂ ಒಬ್ಬ. ನಾವು ಪಾಲ್ಗೊಳ್ಳಲಿಲ್ಲ, ನಮ್ಮನ್ನು ಬದಿಗೆ ಸರಿಸಲಾಯಿತು.

ಅರ್ಜಿಯಲ್ಲಿ ಜನ್ಮದಿನಾಂಕ ಬರೆದೇ ಶುಲ್ಕ ಕಟ್ಟಿದ್ದೆ. ಐವತ್ತೆಂಟು ತುಂಬಿದವನೆಂದು ತಿಳಿದೇ ಹಣ ಪಡೆದರು. ಬೆಳಿಗ್ಗೆ ಬೆನ್ನಿಗೆ ಹಚ್ಚುವ ನಂಬರ್ ಕೇಳಿದರೆ ಮೇಜಿನ ಹಿಂದೆ ಕುಳಿತಿದ್ದ ಹುಡುಗ ಪಟ್ಟಿ ನೋಡಿ, ‘ಅಜ್ಜಾರೇ, ನಿಮ್ಮ ವಯಸ್ಸಿನವರಿಗೆ ವಿಭಾಗ ಇಲ್ಲ, ಜಾಗೃತಿ ಜಾಥಾದಲ್ಲಿ ಬನ್ನಿ’ ಎಂದು ಒಂದು ಟೋಪಿ, ಒಂದು ಕಾಗದದ ಬಾವುಟ ಕೈಗಿಟ್ಟ. ಟೋಪಿಯ ಮೇಲೆ ಅತಿಥಿಯ ಭಾವಚಿತ್ರ. ಹೆಲ್ಮೆಟ್ ಕಟ್ಟಿಕೊಂಡು ನಿಂತವನಿಗೆ ಟೋಪಿ ಏಕೆ? ಆ ಅತಿಥಿಯೂ ಬಂದದ್ದು ಎರಡು ತಾಸು ತಡವಾಗಿ. ಐವತ್ತು ದಾಟಿದ ಮೈ ಬಿಸಿಯಾಗಲು ಹೊತ್ತು ಬೇಕು. ಉಣಕಲ್ ಕೆರೆಯವರೆಗೆ ಹಗುರ ಗೇರಿನಲ್ಲಿ ಹೋಗಿ ಬಂದು ಸಜ್ಜಾಗಿದ್ದ ಕಾಲುಗಳು ಶಾಮಿಯಾನದ ಕೆಳಗೆ ನಿಂತೇ ಬಿಗಿದುಕೊಂಡವು. ಕೊನೆಗೆ ಬಿಸಿಲೇರಿದ ಮೇಲೆ ಭಾಷಣ.

ವಯಸ್ಸಾದವರಿಗೆ ಸ್ಪರ್ಧೆ ಏಕೆ ಎಂದು ಕೇಳುವವರಿದ್ದಾರೆ. ಫ್ರಾನ್ಸಿನ ರಾಬರ್ಟ್ ಮಾರ್ಶಾನ್ ಅರವತ್ತು ದಾಟಿದ ಮೇಲೆ ಮತ್ತೆ ಸೈಕಲ್ ಹಿಡಿದವರು. 2017ರಲ್ಲಿ, ತಮ್ಮ 105ನೇ ವಯಸ್ಸಿನಲ್ಲಿ, ಒಂದು ಗಂಟೆಯಲ್ಲಿ 22.547 ಕಿ.ಮೀ. ತುಳಿದರು. ಚಿಗರಿ ಬಸ್ಸುಗಳು ಓಡುವ ಹುಬ್ಬಳ್ಳಿ–ಧಾರವಾಡ ಬಿಆರ್‌ಟಿಎಸ್ ಮಾರ್ಗವೂ ಹೆಚ್ಚುಕಡಿಮೆ ಅಷ್ಟೇ ಉದ್ದ. ಹವ್ಯಾಸಿ ಸೈಕಲ್ ಸವಾರರ ಗ್ರ್ಯಾನ್ ಫಾಂಡೊ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 35 ದಾಟಿದವರಿಗೆ ಐದೈದು ವರ್ಷಕ್ಕೊಂದು ವಿಭಾಗವಿದೆ. ಇಲ್ಲಿ ಮಾತ್ರ ‘ಮುಕ್ತ ವಿಭಾಗ’ ಎಂಬ ಒಂದೇ ಹೆಸರಿನಲ್ಲಿ ಎಲ್ಲರನ್ನೂ ತುಂಬುವುದು, ಇಲ್ಲವೇ ಹೊರಗಿಡುವುದು.

ತಡವಾಗಿ ಆರಂಭಿಸಿದವನು ವೈದ್ಯರಿಗೆ ಹೃದಯ ತೋರಿಸಿಕೊಳ್ಳುತ್ತಾನೆ, ದಿನವೂ ತುಳಿದು ದಮ್ಮು ಹೆಚ್ಚಿಸಿಕೊಳ್ಳುತ್ತಾನೆ. ಆದರೆ ಮುಂದಿನವನ ಹಿಂದಿನ ಚಕ್ರಕ್ಕೆ ಒಂದು ಗೇಣು ಬಿಟ್ಟು, ಬ್ರೇಕ್ ಹಿಡಿಯದೆ, ಗಾಳಿಮರೆಯಲ್ಲಿ ಸಾಗುವುದನ್ನು ಒಬ್ಬನೇ ಕಲಿಯಲಾರ. ಅದಕ್ಕೆ ಓರಗೆಯವರ ಗುಂಪು ಬೇಕು. ಇಪ್ಪತ್ತರ ಹುಡುಗರ ಜೊತೆ ಬಿಟ್ಟರೆ ನವಲೂರಿನ ಏರಿನಲ್ಲೇ ಹಿಂದೆ ಬಿದ್ದು, ಉಳಿದ ದಾರಿಯೆಲ್ಲ ಒಂಟಿಯಾಗಿ ತುಳಿಯಬೇಕು. ಗದಗ, ಬಾಗಲಕೋಟೆ, ವಿಜಯಪುರದಂತಹ ಸೈಕ್ಲಿಂಗ್ ನೆಲ ಪಕ್ಕದಲ್ಲೇ ಇದ್ದೂ ನಮಗೆ ಇಷ್ಟು ತಿಳಿಯದೇ?

ಅಭ್ಯಾಸ ಮಾಡೋಣವೆಂದರೆ ರಸ್ತೆ ಎಲ್ಲಿದೆ? ನಡುವಿನ ಪಥ ಚಿಗರಿ ಬಸ್ಸಿಗೆ. ಅದು ಸರಿಯೇ. ಉಳಿದದ್ದರಲ್ಲಿ ಲಾರಿ, ಆಟೋ, ತರಕಾರಿ ಗಾಡಿಗಳ ನಡುವೆ ನಾವು. ನಮ್ಮ ಬಡಾವಣೆಯ ತಿರುವಿನಲ್ಲಿ ಚರಂಡಿಯ ಕಬ್ಬಿಣದ ಜಾಲರಿಯ ಸರಳುಗಳು ರಸ್ತೆಯ ಉದ್ದಕ್ಕೇ ಇವೆ. ಸಪೂರ ಟೈರು ನೇರ ಸಂದಿಗೆ ಇಳಿಯುತ್ತದೆ. ಜಾಲರಿಯನ್ನು ಅಡ್ಡ ತಿರುಗಿಸಿ ಕೂರಿಸಿದರೆ ಕೆಲಸ ಮುಗಿಯಿತು. ಕಳೆದ ವರ್ಷವೇ ಮನವಿ ಕೊಟ್ಟೆ. ಒಬ್ಬ ಅಧಿಕಾರಿ ಇನ್ನೊಂದು ಮೇಜು ತೋರಿಸಿದರು, ಅಲ್ಲಿದ್ದವರು ಗುತ್ತಿಗೆದಾರರ ಕಡೆ ಕೈ ತೋರಿಸಿದರು. ಮಳೆಗಾಲದಲ್ಲಿ ಅದೇ ತಿರುವಿನಲ್ಲಿ ಶಾಲೆಯ ಹುಡುಗಿಯೊಬ್ಬಳು ಬಿದ್ದು ಮೊಣಕೈ ಮುರಿದುಕೊಂಡಳು. ಇದೇ ಅಧಿಕಾರಿಗಳು ಭಾನುವಾರ ವೇದಿಕೆಯಲ್ಲಿ ಕುಳಿತು ‘ಸೈಕಲ್ ಬಳಸಿ, ಆರೋಗ್ಯ ಉಳಿಸಿ’ ಎಂದರು. ನಾಚಿಕೆಯಾಗಬೇಕು.

ನಲವತ್ತು, ಐವತ್ತು, ಅರವತ್ತು ದಾಟಿದವರಿಗೆ ಬೇರೆ ಬೇರೆ ವಿಭಾಗ ಮಾಡಿ, ಮಹಿಳೆಯರಿಗೂ ಮಾಡಿ. ಆಗದಿದ್ದರೆ ಶುಲ್ಕ ಮರಳಿಸಿ. ಜಾಲರಿಯನ್ನೂ ಸರಿಪಡಿಸಿ. ಸಂಬಂಧಪಟ್ಟವರು ಇನ್ನಾದರೂ ಕಣ್ಣು ತೆರೆಯಲಿ. ಮುಂದಿನ ಬಾರಿ ಅತಿಥಿ ಬಾರದಿದ್ದರೂ ಹೇಳಿದ ಹೊತ್ತಿಗೆ ಬಾವುಟ ಬೀಸಿ. ವರದಿಗಾರರೂ ಜಾಥಾದಲ್ಲಿ ನಿಲ್ಲಿಸಿದವರನ್ನು ಸ್ಪರ್ಧಿಗಳೆಂದು ಬರೆಯುವ ಮುನ್ನ ನಮ್ಮಲ್ಲಿ ಒಬ್ಬರನ್ನಾದರೂ ಮಾತನಾಡಿಸಲಿ.

– ನೊಂದ ಸೈಕಲ್ ಸವಾರ, ನವನಗರ, ಹುಬ್ಬಳ್ಳಿ